ಎಡಗಣ್ಣಿನ ಲೆನ್ಸು ಹತ್ತು ಡಿಗ್ರಿ ತಿರುಗಿತ್ತು

ಮೊದಲು ನನ್ನ ಕನ್ನಡಕದ ಪವರ್ ಹೇಳಿಬಿಡುತ್ತೇನೆ, ಯಾಕೆಂದರೆ ಮೈನಸ್ ಒಂದೋ ಒಂದೂವರೆಯೋ ಇರುವವರಿಗೆ ನಾನು ಹೇಳಹೊರಟಿರುವುದರಲ್ಲಿ ಅರ್ಧಕ್ಕರ್ಧ ಅನ್ವಯಿಸುವುದಿಲ್ಲ. ಬಲಗಣ್ಣು ಮೈನಸ್ 7.50. ಎಡಗಣ್ಣು ಮೈನಸ್ 8.25, ಜೊತೆಗೆ ಕಣ್ಣಿನ ಸೊಟ್ಟು ತಿದ್ದುವ ಸಿಲಿಂಡರ್ ಮೈನಸ್ 1.50, ಅದು ನಿಲ್ಲಬೇಕಾದ ಕೋನ, ಅಂದರೆ ಆಕ್ಸಿಸ್, 180. ವಯಸ್ಸು 42. ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ. ಬಯಲುಸೀಮೆಯವರಿಗೆ ಹೇಳುವುದಾದರೆ, ತೋಟದ ರೈಟರ್ ಎಂದರೆ ಕಥೆ ಕವನ ಬರೆಯುವವನಲ್ಲ, ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವವನು. ಬೆಳಿಗ್ಗೆ ಆಳುಗಳ ಹಾಜರಿ, ಹಗಲಿಡೀ ತೋಟ ಸುತ್ತುವುದು, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ, ರಾತ್ರಿ ಲೆಕ್ಕದ ಪುಸ್ತಕ. ದೂರವೂ ಕಾಣಬೇಕು, ಹತ್ತಿರವೂ ಕಾಣಬೇಕು, ಮಳೆಯಲ್ಲೂ ಕಾಣಬೇಕು.

ನಾನಿಲ್ಲಿ ಅಳೆದು ತೂಗುತ್ತಿರುವುದು ತಿಂಗಳಿಗೊಮ್ಮೆ ಬದಲಿಸುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸನ್ನು, ಅದನ್ನು ಕಣ್ಣಿಗೆ ಕೂರಿಸುವ ಕೆಲಸವನ್ನು. ಎರಡು ಕಡೆ ಮಾಡಿಸಿದೆ. ಒಂದು ಕಡೆ ಕೆಟ್ಟಿತು, ಇನ್ನೊಂದು ಕಡೆ ಸರಿಹೋಯಿತು. ಎರಡರ ಹೆಸರನ್ನೂ ಹಾಕುವುದಿಲ್ಲ. ಜಿಲ್ಲೆ ಚಿಕ್ಕದು, ನಾಳೆ ಸಂತೆಯಲ್ಲಿ ಮುಖ ನೋಡಬೇಕು.

ಮೂರನೇ ಕ್ಲಾಸಿನಿಂದ ಕನ್ನಡಕ ಹಾಕಿದವನು ನಾನು. ಅದರ ಮೇಲೆ ದ್ವೇಷವೇನೂ ಇರಲಿಲ್ಲ, ಮಳೆಗಾಲ ಒಂದನ್ನು ಬಿಟ್ಟು. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಹೊರಗಿನಿಂದ ಹನಿ, ಒಳಗಿನಿಂದ ಉಸಿರಿನ ಆವಿ. ಒರೆಸೋಣವೆಂದರೆ ಮೈಮೇಲೆ ಒಣಗಿದ ಬಟ್ಟೆ ಅಂತ ಒಂದು ಗೇಣೂ ಇರುವುದಿಲ್ಲ. ಬನಿಯನ್ನಿನ ತುದಿಯಿಂದ ಒರೆಸಿದರೆ ಹನಿ ಹೋಗಿ ಜಿಡ್ಡು ಬಂದು ಕೂರುತ್ತದೆ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಮೇಸ್ತ್ರಿ ಮುಂದೆ ಹೋಗುತ್ತಿದ್ದವನು ತಟ್ಟನೆ ನಿಂತು, ದನಿ ತಗ್ಗಿಸಿ, "ರೈಟ್ರೇ, ಅಲ್ಲೇ ನಿಲ್ಲಿ" ಎಂದ. ಬೈನೆ ಮರದ ಹಿಂದೆ ಆನೆ ಇತ್ತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅದು ಬೇಲಿ ದಾಟಿ ಹೋಗಿತ್ತು. ನಾನು ಕಂಡದ್ದು ಅಲುಗುತ್ತಿದ್ದ ಗರಿ ಮಾತ್ರ.

ಇನ್ನು ಗಾಜಿನ ಸ್ವಂತ ಗುಣದ ಮಾತು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿ.ಮೀ. ಮುಂದೆ ನಿಲ್ಲುತ್ತದೆ. ನನ್ನಂಥ ಪವರಿನವರ ತಕರಾರೆಲ್ಲ ಹುಟ್ಟುವುದು ಆ ಸಂದಿಯಲ್ಲೇ. ಮೈನಸ್ ಗಾಜು ಲೋಕವನ್ನು ಕುಗ್ಗಿಸಿ ತೋರಿಸುತ್ತದೆ. ಗಾಜು ಕಣ್ಣಿನಿಂದ ದೂರವಿದ್ದಷ್ಟೂ ಕುಗ್ಗುವುದು ಹೆಚ್ಚು. ಮೈನಸ್ ಎಂಟರ ಆಸುಪಾಸಿನಲ್ಲಿ ಅದು ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು. ಚಿಕ್ಕಂದಿನಿಂದ ಹಾಗೇ ನೋಡಿ ಅಭ್ಯಾಸವಾದವನಿಗೆ ಇದು ಗೊತ್ತಾಗುವುದೇ ಇಲ್ಲ. ಎದುರಿನವರಿಗೆ ಗೊತ್ತಾಗುತ್ತದೆ. ಮಗಳು ನಾಲ್ಕು ವರ್ಷದವಳಿದ್ದಾಗ ಒಂದು ದಿನ ನನ್ನ ಕನ್ನಡಕ ಕಿತ್ತುಕೊಂಡು, "ಅಪ್ಪಾ, ನಿಂಗೆ ಇಷ್ಟು ದೊಡ್ಡ ಕಣ್ಣಿದ್ಯಾ!" ಎಂದಿದ್ದಳು.

ಇನ್ನೊಂದು ತೊಂದರೆ ಅಂಚಿನದು. ಗಾಜಿನ ನಡುವಿನಿಂದ ನೋಡಿದರೆ ಎಲ್ಲ ಸರಿ. ಕಣ್ಣು ಪಕ್ಕಕ್ಕೆ ಹೊರಳಿಸಿ ಒಂದು ಸೆಂಟಿಮೀಟರ್ ಆಚೆಯಿಂದ ನೋಡಿದರೆ ಗಾಜು ಪ್ರಿಸಂ ಆಗಿ ನೋಟವನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಮೈನಸ್ ಎಂಟಕ್ಕೆ ಎಂಟು ಪ್ರಿಸಂ ಡಯಾಪ್ಟರ್, ಅಂದರೆ ಒಂದು ಮೀಟರ್ ದೂರದ ವಸ್ತು 8 ಸೆಂ.ಮೀ. ಸರಿದ ಹಾಗೆ ಕಾಣುತ್ತದೆ. ಅದಕ್ಕೇ ದಪ್ಪ ಕನ್ನಡಕದವರು ಗೂಬೆಯ ಹಾಗೆ ಕಣ್ಣು ಬಿಟ್ಟು ತಲೆಯನ್ನೇ ತಿರುಗಿಸುವುದು. ತೆಳ್ಳಗಿನ ಗಾಜು ಬೇಕೆಂದು, ಬೆಳಕನ್ನು ಹೆಚ್ಚು ಬಗ್ಗಿಸುವ 1.67 ಇಂಡೆಕ್ಸಿನದು ಹಾಕಿಸಿದೆ. ಮಾಮೂಲು ಪ್ಲಾಸ್ಟಿಕ್ಕಿನಲ್ಲಿ ಅಂಚಿಗೆ 5 ಮಿ.ಮೀ. ದಪ್ಪ ಏರುವ ಕಡೆ ಇದರಲ್ಲಿ ಮೂರೂಮುಕ್ಕಾಲು ಸಾಕು. ಆದರೆ ಆ ವಸ್ತು ಬಣ್ಣ ಒಡೆಯುವುದು ಹೆಚ್ಚು. ರಾತ್ರಿ ಕಣದ ಟ್ಯೂಬ್‌ಲೈಟನ್ನು ಓರೆಗಣ್ಣಲ್ಲಿ ನೋಡಿದರೆ ಒಂದು ಅಂಚಿಗೆ ನೀಲಿ, ಇನ್ನೊಂದು ಅಂಚಿಗೆ ಹಳದಿ. ದುಡ್ಡು ಜಾಸ್ತಿ ಕೊಟ್ಟು ಕಾಮನಬಿಲ್ಲು ತಂದ ಹಾಗಾಯಿತು.

ಲೆನ್ಸ್ ಕಣ್ಣಿನ ಮೇಲೇ ಕೂತು ಕಣ್ಣಿನ ಜೊತೆಗೇ ಹೊರಳುತ್ತದೆ. ಎತ್ತ ನೋಡಿದರೂ ಅದರ ನಡುವಿನಿಂದಲೇ ನೋಟ. ಕುಗ್ಗಿಸುವುದೂ ಇಲ್ಲವೆನ್ನುವಷ್ಟು ಕಡಿಮೆ. ಇಷ್ಟು ಕೇಳಿ ಮರುಳಾಗಿ ಕಳೆದ ನವೆಂಬರ್‌ನಲ್ಲಿ ಮೊದಲ ಅಂಗಡಿಗೆ ಹೋದೆ.

ಅಲ್ಲಿ ಏನಾಯಿತೆಂದರೆ, ನನ್ನ ಕನ್ನಡಕದ ಚೀಟಿ ನೋಡಿದರು, ಒಳಗೆ ಹೋದರು, ಎರಡು ಡಬ್ಬಿ ತಂದರು. ಬಲಕ್ಕೆ ಮೈನಸ್ 7.50. ಎಡಕ್ಕೆ ಮೈನಸ್ 8.50, ಯಾಕೆಂದರೆ ಆರಕ್ಕಿಂತ ಮೇಲೆ ಅರ್ಧರ್ಧ ಪವರಿನಲ್ಲೇ ಲೆನ್ಸ್ ಬರುವುದು, 8.25 ಇಲ್ಲ. "ಸ್ವಲ್ಪ ಜಾಸ್ತಿ ಇದ್ರೆ ಒಳ್ಳೇದೇ ಸಾರ್" ಎಂದರು. ಸಿಲಿಂಡರ್ ಇದೆಯಲ್ಲ ಎಂದೆ. "ಸಾಫ್ಟ್ ಲೆನ್ಸಲ್ಲಿ ಅಡ್ಜಸ್ಟ್ ಆಗುತ್ತೆ." ಕಣ್ಣನ್ನು ಯಾವ ಮೆಷಿನ್ನಿನಲ್ಲೂ ನೋಡಲಿಲ್ಲ. ಹುಡುಗನೊಬ್ಬ ಹಾಕುವುದು ತೆಗೆಯುವುದು ಎರಡು ಸಲ ತೋರಿಸಿದ. ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದೆ. ರಸ್ತೆಗಿಳಿದು ಬೋರ್ಡುಗಳನ್ನೆಲ್ಲ ಓದಿದೆ. ಬಸ್ಸಿನ ನಂಬರ್ ಆ ತುದಿಯಿಂದಲೇ ಕಂಡಿತು. ಖುಷಿಯಾಗಿ ಮನೆಗೆ ಹೋಗುವಾಗ ಅವ್ವನಿಗೆ ಚಿಕ್ಕುಹಣ್ಣನ್ನೂ ಕೊಂಡುಹೋದೆ.

ಸಂಜೆಯಾದರೆ ಹಣೆನೋವು. ಕಣ್ಣಿನ ಬಿಳಿಯಲ್ಲಿ ಕರಿಗುಡ್ಡೆಯ ಸುತ್ತ ಕೆಂಪು ಬಳೆ. ಅಭ್ಯಾಸವಾಗುತ್ತದೆ ಎಂದು ತಡೆದುಕೊಂಡೆ. ಜನವರಿಯಲ್ಲಿ ರೋಬಸ್ಟಾ ಕೊಯ್ಲು ಜೋರಾಯಿತು. ಕಿಲೋ ಲೆಕ್ಕದ ಕೂಲಿ. ಸಂಜೆ ಕಣದಲ್ಲಿ ಸಾಲಾಗಿ ಮೂಟೆ, ತಕ್ಕಡಿಯ ಕೆಂಪು ಅಂಕಿ ನೋಡಿ ನಾನು ಬರೆದುಕೊಳ್ಳುವುದು, ಆಮೇಲೆ ಒಬ್ಬೊಬ್ಬರದು ಕೂಡಿಸಿ ಗಟ್ಟಿಯಾಗಿ ಹೇಳುವುದು. ತಕ್ಕಡಿಯ ಅಂಕಿ ಕಂಡಿತು, ಸರಿಯಾಗಿಯೇ ಬರೆದೆ. ಕೂಡಿಸುವಾಗ ನನ್ನ ಕೈಬರಹವೇ ನನಗೆ ಮಂಜು. ಒಬ್ಬ ಅಕ್ಕ ಇದ್ದಾರೆ, ಓದು ಬರಹ ಇಲ್ಲ, ಆದರೆ ತಮ್ಮ ಮೂರು ಮೂಟೆಯ ತೂಕ ಬಾಯಲ್ಲೇ ಇಟ್ಟುಕೊಂಡಿರುತ್ತಾರೆ. ನಾನು ಮೊತ್ತ ಹೇಳಿದೆ. ಅವರು ಅಲ್ಲಾಡಲಿಲ್ಲ. "ರೈಟ್ರೇ, ನಡೂ ಮೂಟೆ ಮೂವತ್ತೆಂಟಲ್ವಾ?" ಪುಸ್ತಕವನ್ನು ದೂರ ಹಿಡಿದು, ಓರೆ ಮಾಡಿ, ಬಲ್ಬಿನ ಕೆಳಗೆ ಹಿಡಿದು ನೋಡಿದೆ. ಮೂವತ್ತೆಂಟೇ. ನಾನು ಮೂವತ್ಮೂರು ಎಂದು ಕೂಡಿಸಿದ್ದೆ. ಐದು ಕಿಲೋದ ದುಡ್ಡು ದೊಡ್ಡದಲ್ಲ. ಆದರೆ ರೈಟರ್ ತೂಕದಲ್ಲಿ ಹೊಡೆಯುತ್ತಾನೆ ಎಂಬ ಮಾತು ಆಳುಗಳ ಲೈನ್ ಮನೆಯಲ್ಲಿ ಒಂದು ಸಲ ಹುಟ್ಟಿದರೆ ಆ ತೋಟದಲ್ಲಿ ಮತ್ತೆ ತಲೆಯೆತ್ತಿ ನಡೆಯುವ ಹಾಗಿಲ್ಲ. ಅವತ್ತೇ ಲೆನ್ಸ್ ತೆಗೆದಿಟ್ಟು ಕನ್ನಡಕಕ್ಕೆ ವಾಪಸ್ ಬಂದೆ.

ಅಲ್ಲಿಗೆ ಬಿಟ್ಟಿದ್ದರೆ "ಲೆನ್ಸ್ ನಮ್ಮಂಥವರಿಗೆ ಆಗಿಬರುವುದಿಲ್ಲ" ಎಂದು ನಾಲ್ಕು ಜನಕ್ಕೆ ಹೇಳಿಕೊಂಡು ಇರುತ್ತಿದ್ದೆ. ಹಾಗೆ ಹೇಳಿಕೊಂಡು ತಿರುಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಎಷ್ಟು ಜನರ ಕಣ್ಣನ್ನು ಅಳೆದಿದ್ದಾರೋ ಎಂದು ಈಗ ಅನುಮಾನ. ಕಣ್ಣು ಕೆಂಪಾದದ್ದನ್ನು ತೋರಿಸೋಣವೆಂದು ಫೆಬ್ರವರಿಯಲ್ಲಿ ಮಡಿಕೇರಿಗೆ ಹೋದೆ. ಅಲ್ಲಿಗೆ ವಾರಕ್ಕೊಂದು ದಿನ, ಶುಕ್ರವಾರ, ಮೈಸೂರಿನಿಂದ ಒಬ್ಬ ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣಿನ ಪವರ್ ಅಳೆಯುವವರು, ಬರುತ್ತಾರೆ. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಂತೆ ದಿನವಾದ್ದರಿಂದ ಹೊರಗಿನ ಬೆಂಚಿನ ಮೇಲೆ ತರಕಾರಿ ಚೀಲಗಳ ಮಧ್ಯೆ ಕಾಯಬೇಕು. ಇನ್ನೂ ಹತ್ತು ದಿನ ಲೆನ್ಸ್ ಹಾಕದೆ ಬನ್ನಿ ಎಂದು ಮೊದಲ ದಿನ ವಾಪಸ್ ಕಳಿಸಿದರು. ಅದಕ್ಕೇ ನನಗೆ ಅರ್ಧ ನಂಬಿಕೆ ಬಂತು.

ಎರಡನೇ ಸಲ ಹೋದಾಗ ಒಂದು ಗಂಟೆ ಹಿಡಿಯಿತು. ಹಳೆಯ ಲೆನ್ಸಿನ ಡಬ್ಬಿ ನೋಡಿ ಅವರು ಏನೂ ಬೈಯಲಿಲ್ಲ, ಒಂದು ಹಾಳೆ ತೆಗೆದು ಲೆಕ್ಕ ಬರೆದರು. ನನಗೆ ಲೆಕ್ಕವೇ ಕಸುಬು, ಬಾಯಿಪಾಠವಾಗಿದೆ: ಕನ್ನಡಕದ ಪವರನ್ನು 0.012ರಿಂದ ಗುಣಿಸಿ ಒಂದು ಕೂಡಿಸಬೇಕು, ಬಂದದ್ದರಿಂದ ಪವರನ್ನು ಭಾಗಿಸಬೇಕು. 7.50ಕ್ಕೆ 1.09 ಬರುತ್ತದೆ, ಭಾಗಿಸಿದರೆ 6.88. ಆ 0.012 ಎನ್ನುವುದು ಮೀಟರ್ ಲೆಕ್ಕದಲ್ಲಿ ಹೇಳಿದ ಅದೇ 12 ಮಿ.ಮೀ. ಗಾಜು ಆ ಸಂದಿ ದಾಟಿ ಕಣ್ಣಿಗೇ ಅಂಟಿ ಕೂತರೆ ಅಷ್ಟು ಪವರ್ ಬೇಕಾಗುವುದಿಲ್ಲ. ಎಡಗಣ್ಣಿಗೆ ಎರಡು ಸಲ ಮಾಡಬೇಕು, ಸಿಲಿಂಡರ್ ಇರುವುದರಿಂದ. 8.25ಕ್ಕೆ 7.51. ಸಿಲಿಂಡರ್ ಸೇರಿದ 9.75ಕ್ಕೆ 8.73. ಎರಡರ ವ್ಯತ್ಯಾಸ 1.22. ಅಂದರೆ ನನಗೆ ಬೇಕಾದದ್ದು ಬಲಕ್ಕೆ ಮೈನಸ್ 7.00, ಎಡಕ್ಕೆ ಮೈನಸ್ 7.50, ಸಿಲಿಂಡರ್ 1.25. ಮೊದಲ ಅಂಗಡಿ ಬಲಗಣ್ಣಿಗೆ ಅರ್ಧ ಪವರಿಗಿಂತ ಜಾಸ್ತಿ, ಎಡಗಣ್ಣಿಗೆ ಒಂದು ಪವರ್ ಜಾಸ್ತಿ ಹೇರಿ, ಸಿಲಿಂಡರನ್ನು ಕೈಬಿಟ್ಟಿತ್ತು. ಮೈನಸ್ ನಾಲ್ಕಕ್ಕಿಂತ ಕಡಿಮೆ ಇರುವವರಿಗೆ ಈ ವ್ಯತ್ಯಾಸ ಕಾಲು ಪವರೂ ಆಗುವುದಿಲ್ಲ, ಚೀಟಿ ನೋಡಿ ಕೊಟ್ಟರೂ ನಡೆದುಹೋಗುತ್ತದೆ. ನನ್ನ ಹತ್ತಿರ ನಡೆಯಲಿಲ್ಲ.

ಆಮೇಲೆ ಕಣ್ಣಿನ ಅಳತೆ. ಗಲ್ಲ ಊರಿ ಒಂದು ಯಂತ್ರದೊಳಗೆ ನೋಡಬೇಕು, ಅದು ಕಾರ್ನಿಯಾದ, ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯ, ಉಬ್ಬನ್ನು ಅಳೆಯುತ್ತದೆ. ಎಡಗಣ್ಣು ಪವರಿನ ಲೆಕ್ಕದಲ್ಲಿ, ಅಂದರೆ ಡಯಾಪ್ಟರಿನಲ್ಲಿ, ಅಡ್ಡಕ್ಕೆ 43.50, ಉದ್ದಕ್ಕೆ 45.00. ಮಿಲಿಮೀಟರಿಗೆ ತಂದರೆ ತ್ರಿಜ್ಯ 7.76 ಮತ್ತು 7.50. ಮೊಟ್ಟೆಯನ್ನು ಮಲಗಿಸಿದ ಹಾಗೆ, ಉದ್ದಕ್ಕೆ ಹೆಚ್ಚು ಬಾಗಿದೆ, ಅಡ್ಡಕ್ಕೆ ಕಡಿಮೆ. ನನ್ನ ಸಿಲಿಂಡರ್ ಇರುವುದು ಅಲ್ಲೇ. ಮೆತ್ತನೆಯ ಲೆನ್ಸ್ ಕಾರ್ನಿಯಾದ ಮೇಲೆ ಹಪ್ಪಳದ ಹಿಟ್ಟಿನಂತೆ ಅದೇ ಆಕಾರಕ್ಕೆ ಬಾಗಿ ಕೂರುವುದರಿಂದ ಆ ಸೊಟ್ಟನ್ನು ಮುಚ್ಚುವುದಿಲ್ಲ. "ಅಡ್ಜಸ್ಟ್ ಆಗುತ್ತೆ" ಎಂದಿದ್ದು ಶುದ್ಧ ಸುಳ್ಳು. ಗಟ್ಟಿ ಲೆನ್ಸಾದರೆ ಬಾಗುವುದಿಲ್ಲ, ಅದರ ಅಡಿಯಲ್ಲಿ ಕಣ್ಣೀರು ತುಂಬಿ ಸೊಟ್ಟು ತಾನೇ ಸಮವಾಗುತ್ತದೆ. ಅದನ್ನೂ ಹೇಳಿದರು. ಆದರೆ ತೋಟದ ದೂಳು ಗಟ್ಟಿ ಲೆನ್ಸಿನಡಿ ಸೇರಿದರೆ ಜೀವ ಹಿಂಡುತ್ತದೆಂದು ನಾನೇ ಬೇಡ ಎಂದೆ.

ಮೆತ್ತನೆಯದರಲ್ಲೇ ಸಿಲಿಂಡರ್ ಇರುವುದಕ್ಕೆ ಟೋರಿಕ್ ಎನ್ನುತ್ತಾರೆ. ಕನ್ನಡಕದಲ್ಲಿ ಫ್ರೇಮು ಗಾಜನ್ನು ಹಿಡಿದಿರುತ್ತದೆ, ಆಕ್ಸಿಸ್ ಎಲ್ಲೂ ಹೋಗುವುದಿಲ್ಲ. ಲೆನ್ಸಿಗೆ ಫ್ರೇಮೆಲ್ಲಿದೆ? ಗುಂಡಗಿನ ಚೂರು, ಕಣ್ಣೀರಿನ ಮೇಲೆ ತೇಲುವುದು, ರೆಪ್ಪೆ ಬಡಿದ ಹಾಗೆಲ್ಲ ತಿರುಗಬೇಕಷ್ಟೆ. ಅದಕ್ಕಾಗಿ ಒಂದು ಕಡೆ ತೆಳ್ಳಗೆ ಒಂದು ಕಡೆ ದಪ್ಪ ಮಾಡಿರುತ್ತಾರೆ. ರೆಪ್ಪೆ ಒತ್ತಿದಾಗ ದಪ್ಪ ಭಾಗ ಕೆಳಗೆ ಸರಿದು ನಿಲ್ಲುತ್ತದೆ. ಗಡಿಯಾರದ ಆರು ಗಂಟೆಯ ಜಾಗದಲ್ಲಿ ಕೂದಲಿನಷ್ಟು ತೆಳುವಾದ ಒಂದು ಗೆರೆ ಗುರುತು.

ಪರೀಕ್ಷೆಯ ಲೆನ್ಸ್ ಹಾಕಿ ಇಪ್ಪತ್ತು ನಿಮಿಷ ಕೂರಿಸಿದರು, ನೆಲೆಯಾಗಲಿ ಎಂದು. ಮತ್ತೆ ಯಂತ್ರ. "ಸರ್, ಕಣ್ಣು ಮುಚ್ಚಿ ತೆಗೀರಿ. ಇನ್ನೊಂದ್ಸಲ. ಇನ್ನೊಂದ್ಸಲ." ಆ ಗೆರೆ ಆರು ಗಂಟೆಗೆ ನಿಂತಿರಲಿಲ್ಲ, ಅವರ ಎಡಕ್ಕೆ ಹತ್ತು ಡಿಗ್ರಿ ಸರಿದು ನಿಂತಿತ್ತು. ನನ್ನ ರೆಪ್ಪೆಯ ದೂಡುವಿಕೆಯೇ ಹಾಗಂತೆ. ತಿದ್ದುವ ಉಪಾಯ ನೋಡಿ: ಲೆನ್ಸನ್ನು ಸರಿಯಾಗಿ ನಿಲ್ಲಿಸಲು ಹೋಗುವುದಿಲ್ಲ, ಅದು ಸೊಟ್ಟ ನಿಲ್ಲುವುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಎಡಕ್ಕೆ ಸರಿದರೆ ಕೂಡಿಸು, ಬಲಕ್ಕೆ ಸರಿದರೆ ಕಳೆ. 180ಕ್ಕೆ 10 ಕೂಡಿಸಿದರೆ 190, ಆಕ್ಸಿಸ್ 180ಕ್ಕೆ ಮುಗಿದು ಮತ್ತೆ ಮೊದಲಿನಿಂದ ಶುರುವಾಗುವುದರಿಂದ ಅದು 10. ಹಾಗೆ ನನ್ನ ಎಡಗಣ್ಣಿನ ಲೆನ್ಸು ಆಕ್ಸಿಸ್ 10ರದು. ಹತ್ತು ಡಿಗ್ರಿ ತಾನೇ ಎಂದು ಬಿಟ್ಟಿದ್ದರೆ ಸಿಲಿಂಡರಿನಲ್ಲಿ ಮೂರನೇ ಒಂದು ಭಾಗ ವ್ಯರ್ಥ. ಮೂವತ್ತು ಡಿಗ್ರಿ ತಪ್ಪಿದರಂತೂ ಹಾಕಿದ್ದೂ ಒಂದೇ ಹಾಕದಿದ್ದುದೂ ಒಂದೇ.

ಬೇಸ್ ಕರ್ವ್ ಎಂಬುದೂ ಇದೆ, ಲೆನ್ಸಿನ ಒಳಬಾಗು. ನಂಬರ್ ದೊಡ್ಡದಾದಷ್ಟೂ ಚಪ್ಪಟೆ. ನನ್ನ ಹಳೆಯದು 8.4, ಅದೇ ಬಿಗಿಯಾಗಿದ್ದದ್ದು. ಅದನ್ನೂ ಒಮ್ಮೆ ಹಾಕಿಸಿ, ಕೆಳರೆಪ್ಪೆಯಿಂದ ಲೆನ್ಸನ್ನು ಮೆಲ್ಲಗೆ ಮೇಲಕ್ಕೆ ದೂಡಿ ನೋಡಿದರು. ಹೊಸದು ದೂಡಿದ ಕೂಡಲೇ ಜಾರಿ ವಾಪಸ್ ಬಂದಿತ್ತು. ಹಳೆಯದು ಗೋಂದು ಹಾಕಿದ ಹಾಗೆ ಕೂತಿತ್ತಂತೆ. ಕಣ್ಣು ಮಿಟುಕಿಸಿದಾಗ ಲೆನ್ಸ್ ಅರ್ಧ ಮಿಲಿಮೀಟರಿನೊಳಗೆ ಅಲುಗಬೇಕು, ಆಗಲೇ ಅಡಿಯ ಕಣ್ಣೀರು ಬದಲಾಗುವುದು. ಪೂರಾ ಅಲುಗದಿದ್ದರೆ ಬಿಗಿ, ಜಾಸ್ತಿ ಅಲುಗಿದರೆ ಮಿಟುಕಿಸಿದ ಹಾಗೆಲ್ಲ ನೋಟ ಕದಲುತ್ತದೆ. ಬಿಗಿ ಲೆನ್ಸು ಬಿಗಿ ಗಂಬೂಟಿನ ಹಾಗೆ, ಬೆಳಿಗ್ಗೆ ಹಿತವಾಗಿಯೇ ಇರುತ್ತದೆ, ಸಂಜೆಗೆ ಬಣ್ಣ ಬಯಲು. ಈಗ ಬಲಕ್ಕೆ 8.6, ಎಡಕ್ಕೆ 8.7.

ಲೆನ್ಸಿನ ವಸ್ತು ಸಿಲಿಕೋನ್ ಹೈಡ್ರೋಜೆಲ್. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಅದು ಗಾಳಿಯಿಂದಲೇ ಉಸಿರಾಡಬೇಕು. ಮೊದಲಿನ ಮೆತ್ತನೆಯ ಲೆನ್ಸುಗಳಲ್ಲಿ ಆಮ್ಲಜನಕ ಒಳಗೆ ಹೋಗುತ್ತಿದ್ದದ್ದು ಲೆನ್ಸು ಹೀರಿಕೊಂಡ ನೀರಿನ ಮೂಲಕ. 1999ರಲ್ಲಿ ಬಂದ ಈ ಸಿಲಿಕೋನ್ ಜಾತಿಯಲ್ಲಿ ವಸ್ತುವೇ ಬಿಟ್ಟುಕೊಡುತ್ತದೆ. ಮೆತ್ತನೆಯ ಲೆನ್ಸಿನ ಹುಟ್ಟಿನ ಕಥೆ ನನಗೆ ಬಹಳ ಇಷ್ಟವಾಯಿತು. ಒಟ್ಟೋ ವಿಖ್ಟರ್ಲೆ ಎಂಬ ಚೆಕ್ ರಸಾಯನಶಾಸ್ತ್ರಜ್ಞ 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಕೂತು, ಮಕ್ಕಳ ಜೋಡಿಸುವ ಆಟಿಕೆ ಸೆಟ್ಟು, ಸೈಕಲ್ಲಿನ ಡೈನಮೋ ಸೇರಿಸಿ ಒಂದು ಯಂತ್ರ ಮಾಡಿ, ಗಿರಗಿರ ತಿರುಗುವ ಅಚ್ಚಿನಲ್ಲಿ ಲೆನ್ಸ್ ಎರಕ ಹೊಯ್ದ. ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟಾಗ ಜೀಪಿನ ಬೆಲ್ಟ್ ಹಾಕಿ ಓಡಿಸುವ ನಮ್ಮ ತೋಟದ ಮೆಕ್ಯಾನಿಕ್ಕಿಗೆ ಇದನ್ನು ಹೇಳಿದೆ. "ಮತ್ತೆ!" ಎಂದ, ಅದರಲ್ಲೇನು ಆಶ್ಚರ್ಯ ಎನ್ನುವ ಹಾಗೆ.

ಹಾಕುವ ವಿದ್ಯೆ ಕೈಗೆ ಹತ್ತಲು ಎರಡು ವಾರ ಬೇಕಾಯಿತು. ಬೆರಳ ತುದಿಯಲ್ಲಿ ಲೆನ್ಸ್ ಬಟ್ಟಲಿನ ಹಾಗೆ ನಿಂತರೆ ಸರಿ, ಅಂಚು ಹೊರಕ್ಕೆ ಬಿಚ್ಚಿಕೊಂಡು ತಟ್ಟೆಯ ಹಾಗೆ ಕಂಡರೆ ಉಲ್ಟಾ. ಅವ್ವನಿಗೆ ಒಂದೇ ಭಯ, ಅದು ಹಿಂದಕ್ಕೆ ಜಾರಿ ತಲೆಯೊಳಗೆ ಹೋದರೆ? ಹೋಗುವುದಿಲ್ಲ. ಕಣ್ಣಿನ ಬಿಳಿಯನ್ನು ಮುಚ್ಚಿದ ತೆಳುಪೊರೆಯೇ ಮಡಚಿಕೊಂಡು ರೆಪ್ಪೆಯ ಒಳಮೈ ಆಗಿದೆ, ಹಿಂದಕ್ಕೆ ದಾರಿಯೇ ಇಲ್ಲ. ಹೆಚ್ಚೆಂದರೆ ಮೇಲ್ರೆಪ್ಪೆಯ ಸಂದಿಯಲ್ಲಿ ಮಡಚಿ ಕೂರಬಹುದು. ಒಮ್ಮೆ ಹಾಗೂ ಆಯಿತು, ಅರ್ಧ ಗಂಟೆ ಹುಡುಕಾಟ. ಅದಕ್ಕಿಂತ ಕೆಟ್ಟದ್ದು ಸೂಜಿಮೆಣಸಿನ ದಿನದ್ದು. ಭಾನುವಾರ ಹಂದಿ ಮಾಂಸಕ್ಕೆ ಮೆಣಸು ಬಿಡಿಸಿಕೊಟ್ಟಿದ್ದೆ, ಮಧ್ಯಾಹ್ನದ್ದು. ರಾತ್ರಿ ಸೋಪು ಹಾಕಿ ಕೈ ತೊಳೆದೇ ಲೆನ್ಸ್ ತೆಗೆದೆ. ಖಾರ ಉಗುರಿನ ಸಂದಿಯಲ್ಲಿ ಉಳಿದಿತ್ತು. ಹೆಂಡತಿ ನನ್ನ ಕುಣಿತ ನೋಡಿ, "ಇನ್ನು ನೀವು ಅಡಿಗೆ ಮನೆಗೆ ಬರೋದೇ ಬೇಡ" ಎಂದಳು. ಅದೊಂದು ಲಾಭ. ಆ ಜೋಡಿ ಲೆನ್ಸನ್ನು ಎಸೆಯಬೇಕಾಯಿತು, ಅದು ನಷ್ಟ.

ಮೊದಲ ಕೆಲವು ದಿನ ಎಲ್ಲ ವಸ್ತುವೂ ಒಂದು ಹೆಜ್ಜೆ ಮುಂದೆ ಬಂದು ನಿಂತ ಹಾಗಿತ್ತು. ಕುಗ್ಗಿದ್ದ ಲೋಕ ಹಿಗ್ಗಿದ್ದು. ಕಣದ ಮೆಟ್ಟಿಲಿನಲ್ಲಿ ಎರಡು ಸಲ ತಡವರಿಸಿದೆ. ಆಮೇಲೆ ಮಳೆ ಹಿಡಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಜಾಹೀರಾತಾಗುತ್ತದೆ. ಹನಿ ಬಿದ್ದರೆ ರೆಪ್ಪೆ ಬಡಿದರೆ ಮುಗಿಯಿತು. ಲೆನ್ಸು ಕಣ್ಣಿನಷ್ಟೇ ಬೆಚ್ಚಗಿರುವುದರಿಂದ ಆವಿ ಹಿಡಿಯುವ ಮಾತೇ ಇಲ್ಲ. ರೈನ್‌ಕೋಟಿನ ಟೊಪ್ಪಿಯೊಳಗಿಂದ ಓರೆಗಣ್ಣು ಹೊರಳಿಸಿದರೆ ಪಕ್ಕದ ಸಾಲಿನ ಗಿಡ ಕಾಣುತ್ತದೆ, ತಲೆ ತಿರುಗಿಸಬೇಕಿಲ್ಲ. ಬೋಯಿಕೇರಿಯ ಮಂಜಿನಲ್ಲಿ ಬೈಕು ಓಡಿಸುವಾಗ ಮಂಜು ಮಂಜಾಗಿಯೇ ಇರುತ್ತದೆ, ಅದರ ಮೇಲೆ ನನ್ನದೊಂದು ಮಂಜು ಸೇರುವುದಿಲ್ಲ. ಬಿಸಿ ಕಾಫಿ ಲೋಟಕ್ಕೆ ಬಾಯಿಟ್ಟಾಗ ಕುರುಡಾಗದೇ ಇದ್ದದ್ದು ನನ್ನ ಬದುಕಿನಲ್ಲಿ ಇದೇ ಮೊದಲು.

ಸಮಸ್ಯೆ ಹತ್ತಿರದ ಓದಿನದು. ಇದನ್ನು ನಲವತ್ತು ದಾಟಿದ ಮೈನಸ್‌ನವರು ಕಿವಿಗೊಟ್ಟು ಕೇಳಬೇಕು, ಯಾಕೆಂದರೆ ಅಂಗಡಿಯವರು ಹೇಳುವುದಿಲ್ಲ. ಮೈನಸ್ ಕನ್ನಡಕ ಹತ್ತಿರದ ನೋಟದಲ್ಲಿ ನಮಗೆ ಗೊತ್ತಿಲ್ಲದೆ ಒಂದು ಉಪಕಾರ ಮಾಡುತ್ತಿರುತ್ತದೆ. ಕಣ್ಣು ಒಳಕ್ಕೆ ತಿರುಗಿ ಪುಸ್ತಕ ನೋಡುವಾಗ ಗಾಜಿನ ಒಳಭಾಗ ಪ್ರಿಸಂ ಆಗಿ ಕಣ್ಣು ತಿರುಗಿಸುವ ಶ್ರಮವನ್ನು ಉಳಿಸುತ್ತದೆ. ಫೋಕಸ್ ಮಾಡುವ ಶ್ರಮವೂ ನನ್ನ ಪವರಿನಲ್ಲಿ ಸುಮಾರು ಅರ್ಧ ಡಯಾಪ್ಟರ್ ಕಡಿಮೆ. ಲೆನ್ಸ್ ಹಾಕಿದ ದಿನ ಆ ಸಾಲ ತೀರಿಸಬೇಕು. ಜನವರಿಯಲ್ಲಿ 38 ನನಗೆ 33 ಆದದ್ದು ಹೀಗೆ: ಹೇರಿದ ಪವರ್ ಒಂದು ಕಡೆ, ಈ ಅರ್ಧ ಒಂದು ಕಡೆ, ನನ್ನ ವಯಸ್ಸು ಒಂದು ಕಡೆ. ಈಗ ಪವರ್ ಸರಿಯಾಗಿದೆ, ಆದರೂ ಚೆಕ್‌ರೋಲಿನ ಸಣ್ಣ ಚೌಕಗಳಿಗೆ ಪ್ಲಸ್ 1.25ರ ಓದುವ ಕನ್ನಡಕ ಬೇಕು. ಒಂದು ಕಣ್ಣಿಗೆ ಕಡಿಮೆ ಪವರ್ ಹಾಕಿ ಅದನ್ನು ಓದಿಗೆ ಬಿಡುವ ಪದ್ಧತಿಯೂ ಇದೆ. ಪ್ರಯತ್ನಿಸಿದೆ, ಇಳಿಜಾರಿನಲ್ಲಿ ಕಾಲಿಡುವಾಗ ಅಂದಾಜು ತಪ್ಪಿತು, ಬೇಡವೆಂದೆ. ಕನ್ನಡಕ ಬಿಡಲೆಂದು ಲೆನ್ಸ್ ಹಾಕಿಸಿಕೊಂಡವನ ಕುತ್ತಿಗೆಯಲ್ಲಿ ಈಗ ದಾರ ಕಟ್ಟಿದ ಕನ್ನಡಕ ನೇತಾಡುತ್ತದೆ. ಮೇಸ್ತ್ರಿಗೆ ಇದು ದಿನವೂ ನಗುವ ವಿಷಯ.

ಇನ್ನೊಂದು ಕನ್ನಡಕವೂ ಬಂತು. ಜೂನ್‌ನಲ್ಲಿ ಮರಗಸಿ, ಅಂದರೆ ನೆರಳಿನ ಮರದ ರೆಂಬೆ ಕಡಿಯುವುದನ್ನು, ನೋಡಲು ಹೋದಾಗ ಮುಂದಿನವನು ಬಿಟ್ಟ ಕಾಫಿ ಗಿಡದ ರೆಂಬೆ ಚಟಾರನೆ ಬಂದು ಕಣ್ಣಿಗೆ ಹೊಡೆಯಿತು. ಮೂವತ್ತು ವರ್ಷ ಇಂಥ ಎಷ್ಟು ಹೊಡೆತವನ್ನು ಗಾಜು ತಿಂದಿತ್ತೋ, ನನಗೆ ಲೆಕ್ಕವೇ ಇರಲಿಲ್ಲ. ಅದೃಷ್ಟಕ್ಕೆ ರೆಪ್ಪೆಗೆ ಮಾತ್ರ ಗೀರು. ಈಗ ಗಿಡದೊಳಗೆ ನುಗ್ಗುವಾಗ ಪವರಿಲ್ಲದ ಪ್ಲಾಸ್ಟಿಕ್ ಕನ್ನಡಕ ಹಾಕುತ್ತೇನೆ, ಮಳೆ ಇಲ್ಲದ ಹೊತ್ತಿನಲ್ಲಿ. ಮಳೆಯಲ್ಲಿ ಹಾಕಿದರೆ ಮತ್ತೆ ಅದೇ ಆವಿ.

ನೀರಿನ ವಿಷಯದಲ್ಲಿ ಆ ಮೇಡಂ ಬಹಳ ಕಟ್ಟುನಿಟ್ಟು. ನಮ್ಮ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ. ನಾವು ಹಾಗೇ ಕುಡಿಯುತ್ತೇವೆ, ಅಷ್ಟು ಚೆನ್ನಾಗಿದೆ. ಕುಡಿಯಿರಿ, ಆದರೆ ಲೆನ್ಸಿಗೆ ತಾಗಿಸಬೇಡಿ ಎಂದರು. ಸಿಹಿನೀರಿನಲ್ಲಿ, ನಲ್ಲಿ ನೀರಿನಲ್ಲೂ ಅಕಾಂತಮೀಬಾ ಎಂಬ ಜೀವಿ ಇರುತ್ತದೆ, ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ, ಲೆನ್ಸಿನಡಿ ಸೇರಿದರೆ ಕಾರ್ನಿಯಾವನ್ನೇ ತಿನ್ನುತ್ತದೆ. ಕೈ ತೊಳೆದು ಪೂರಾ ಒರೆಸಿಯೇ ಮುಟ್ಟಬೇಕು. ಡಬ್ಬಿಯ ದ್ರಾವಣ ದಿನವೂ ಚೆಲ್ಲಿ ಹೊಸದು ಹಾಕಬೇಕು, ಹಳೆಯದರ ಮೇಲೆ ತುಂಬಿಸಬಾರದು. ಹಾಕಿಕೊಂಡು ಮಲಗಬಾರದು, ಸ್ನಾನ ಮಾಡಬಾರದು. ಆಗಸ್ಟ್‌ನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿರಲಿಲ್ಲ. ಮಗಳು ಮೊಬೈಲ್ ಟಾರ್ಚ್ ಹಿಡಿದಳು, ನಾನು ಕನ್ನಡಿ ಮುಂದೆ ಲೆನ್ಸ್ ತೆಗೆದೆ. ಎರಡನೇ ರಾತ್ರಿ ಚಾರ್ಜೂ ಮುಗಿಯಿತು. ಆಮೇಲೆ ಕರೆಂಟ್ ಬರುವವರೆಗೂ ಕನ್ನಡಕವೇ.

ಖರ್ಚು ಹೇಳಬೇಕು. ಅಳತೆ ಮತ್ತು ಫಿಟ್ಟಿಂಗಿಗೆ 800 ರೂಪಾಯಿ, ಅದರಲ್ಲೇ ಮೂರು ಸಲ ಮರುತಪಾಸಣೆ. ಲೆನ್ಸಿಗೆ ಎರಡೂ ಕಣ್ಣು ಸೇರಿ ತಿಂಗಳಿಗೆ ಸುಮಾರು 1,100 ಬೀಳುತ್ತದೆ, ಟೋರಿಕ್ಕಿನದೇ ದೊಡ್ಡ ಪಾಲು. ದ್ರಾವಣ ಬೇರೆ. ಕನ್ನಡಕ 9,000 ಆಗಿತ್ತು, ಆದರೆ ಅದು ಮೂರು ವರ್ಷ ಬಂದಿದೆ. ರೈಟರನ ಸಂಬಳಕ್ಕೆ ಲೆನ್ಸು ಹೊರೆಯೇ. ನನಗೆ ಹೊಟ್ಟೆ ಉರಿಯುವುದು ಆ 800ಕ್ಕಲ್ಲ, ಮೊದಲ ಅಂಗಡಿಯಲ್ಲಿ ಫಿಟ್ಟಿಂಗ್ ಫ್ರೀ ಎಂದು ಬಿಟ್ಟಿ ಸಿಕ್ಕಿದ್ದಕ್ಕೆ. ಏನೂ ಮಾಡದ ಕೆಲಸ ಫ್ರೀ ಆಗಿಯೇ ಇರುತ್ತದೆ.

ಮಡಿಕೇರಿಯ ಜಾಗದ ಮೇಲೂ ನನ್ನ ದೂರು ಇಲ್ಲದೆ ಇಲ್ಲ. ವಾರಕ್ಕೆ ಒಂದೇ ದಿನ, ಅದೂ ಸಂತೆ ದಿನ. ಟೋರಿಕ್ ಲೆನ್ಸ್ ಆರ್ಡರ್ ಕೊಟ್ಟರೆ ಹತ್ತು ದಿನ ಎನ್ನುತ್ತಾರೆ, ಜುಲೈಯಲ್ಲಿ ಮೂರು ವಾರವಾಯಿತು. ಫೋನ್ ಎತ್ತುವ ಹುಡುಗನಿಗೆ ಆಕ್ಸಿಸ್ 10 ಎಂದರೆ 100 ಎಂದು ಕೇಳಿಸುತ್ತದೆ. ಒಮ್ಮೆ ಹಾಗೇ ಬಂತು, ಹಾಕಿದ ಕೂಡಲೇ ಟೆಲಿಫೋನ್ ಕಂಬ ಎರಡಾಯಿತು. ಬದಲಿಸಿಕೊಟ್ಟರು, ಮಾತಿಲ್ಲದೆ. ಆದರೂ ಈಗ ನಾನು ಚೀಟಿಯಲ್ಲಿ ಬರೆದೇ ಕಳಿಸುತ್ತೇನೆ, ದಪ್ಪಕ್ಷರದಲ್ಲಿ.

ಸದ್ಯಕ್ಕೆ ನನ್ನ ಪದ್ಧತಿ ಹೀಗೆ: ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಲೆನ್ಸು, ಮನೆಗೆ ಬಂದ ಮೇಲೆ ಕನ್ನಡಕ. ರಾತ್ರಿಯ ಲೆಕ್ಕದ ಪುಸ್ತಕ ಕನ್ನಡಕದಲ್ಲೇ, ಓದುವ ಕನ್ನಡಕ ಬೇಕಿಲ್ಲದೆ ಅಂಕಿ ಕಾಣುತ್ತದೆ. ಕಂಪ್ಯೂಟರ್ ಮುಂದೆ ಕೂತರೆ ರೆಪ್ಪೆ ಬಡಿಯುವುದು ಕಡಿಮೆಯಾಗಿ ಲೆನ್ಸು ಒಣಗುತ್ತದೆ, ಅದಕ್ಕೂ ಕನ್ನಡಕವೇ. ತಲೆನೋವಿಲ್ಲ. ಕೆಂಪು ಬಳೆಯಿಲ್ಲ.

ಈ ತಿಂಗಳು ತುಲಾ ಸಂಕ್ರಮಣಕ್ಕೆ ಭಾಗಮಂಡಲಕ್ಕೆ ಹೋಗಿದ್ದೆವು. ಸಂಗಮದಲ್ಲಿ ಮುಳುಗುವುದಿತ್ತಲ್ಲ, ಅವತ್ತು ಲೆನ್ಸ್ ಡಬ್ಬಿ ಮನೆಯಲ್ಲೇ. ಕನ್ನಡಕ ತೆಗೆದು ಮಗಳ ಕೈಗೆ ಕೊಟ್ಟು, ಮೆಟ್ಟಿಲು ಕಾಣದೆ ಅವ್ವನ ಕೈ ಹಿಡಿದು ಇಳಿದೆ. ಎಪ್ಪತ್ತೊಂದರ ಅವ್ವ ನನಗೆ ದಾರಿ ತೋರಿಸುತ್ತಾ, "ಕಣ್ಣೊಳಗೆ ಹಾಕುವ ಕನ್ನಡಕ ಎಲ್ಲಿ ಹೋಯ್ತು ಮಗಾ, ಅಷ್ಟು ದುಡ್ಡು ಕೊಟ್ಟದ್ದು?" ಎಂದು ಕೇಳಿದಳು. ಮೂರು ಮುಳುಗು ಹಾಕಿ ಮೇಲೆ ಬಂದ ಮೇಲೆ ಉತ್ತರ ಹೇಳಿದೆ. ನೀರಿನ ಹುಳದ ಕಥೆ ಕೇಳಿ, ಕಾವೇರಮ್ಮನ ಎದುರಿಗೇ ಹಾಗೆಲ್ಲ ಮಾತಾಡಬೇಡ ಎಂದಳು.

ಎಡಗಣ್ಣಿನ ಬಾಕ್ಸಿನಲ್ಲಿ ಇನ್ನು ಎರಡು ಲೆನ್ಸ್ ಉಳಿದಿದೆ. ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಒಂದು ಶುಕ್ರವಾರ ಮಡಿಕೇರಿಗೆ ಹೋಗಿಬರಬೇಕು.